ಗೆಲ್ಲಲಾರದವರಿಗೂ ಒಂದು ಸಹಿ ಕೊಡಿ: ಫ್ರಾನ್ಸಿನ ಸಣ್ಣ ಊರುಗಳ ಮೇಯರ್‌ಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮೇಯರ್‌ಗಳೇ,

2022ರ ಏಪ್ರಿಲ್ 10, ಭಾನುವಾರ, ಸಂಜೆ ಏಳು ಗಂಟೆ. ಬೋರ್ಡೊ ನಗರದಿಂದ ಒಂದೂವರೆ ಗಂಟೆ ದೂರದ ನಮ್ಮ ಹಳ್ಳಿಯಲ್ಲಿ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನ ಮತದಾನ ಆಗಷ್ಟೇ ಮುಗಿದಿತ್ತು. ನಾನು ಮೇರಿಯ, ಅಂದರೆ ಊರಿನ ಮೇಯರ್ ಕಚೇರಿಯ, ಗೋಡೆಗೆ ಒರಗಿ ನಿಂತಿದ್ದೆ. ನನಗೆ ಇಲ್ಲಿ ಮತ ಇಲ್ಲ. ಎಣಿಕೆ ನೋಡಲು ಹೋಗಿದ್ದೆ, ಯಾರೂ ಬೇಡ ಅನ್ನಲಿಲ್ಲ.

ನಿಮಗೆ ಇದು ಹೊಸದಲ್ಲ. ನನಗೆ ಮಾತ್ರ ಪ್ರತಿ ಸಲವೂ ಮೈ ಜುಂ ಅನ್ನುತ್ತದೆ. ಮತ ಎಣಿಸುವವರು ಊರಿನವರೇ. ಬ್ರೆಡ್ ಅಂಗಡಿಯಾಕೆ ಲಕೋಟೆ ಬಿಡಿಸುತ್ತಾರೆ. ಪಕ್ಕದಲ್ಲಿ ಕೂತವರು ಚೀಟಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಇನ್ನಿಬ್ಬರು ಕಾಗದದ ಮೇಲೆ ಗೀಟು ಹಾಕಿಕೊಳ್ಳುತ್ತಾರೆ. ಲೆ ಪೆನ್. ಮ್ಯಾಕ್ರನ್. ಮೆಲಾಂಶೋ. ಲೆ ಪೆನ್. ಲಾಸಾಲ್. ಹೀಗೆ ಓದುತ್ತಾ ಓದುತ್ತಾ ಒಮ್ಮೆ "ಪುಟು" ಎಂದರು. ಓದಿದವರ ದನಿ ಬದಲಾಗಲಿಲ್ಲ. ಉಳಿದ ಹೆಸರುಗಳಿಗೆ ಎಷ್ಟು ಗೌರವವೋ ಇದಕ್ಕೂ ಅಷ್ಟೇ. ಗೀಟು ಬಿತ್ತು. ಕೊನೆಗೆ ಲೆಕ್ಕ ಮಾಡಿದಾಗ ಎಡತುದಿಯ ಫಿಲಿಪ್ ಪುಟುಗೆ ನಾಲ್ಕು ಮತ, ಅದೇ ಕಡೆಯ ನಥಾಲಿ ಆರ್ತೋಗೆ ಎರಡು.

ಆರು ಜನ. ಯಾರು ಅಂತ ಗೊತ್ತಿಲ್ಲ, ಗೊತ್ತಾಗಲೂಬಾರದು. ಆದರೆ ಆ ಆರು ಚೀಟಿಗಳು ಮೇಜಿನ ಮೇಲೆ ಬರಬೇಕಾದರೆ ಅದಕ್ಕೆ ಎಷ್ಟೋ ವಾರ ಮುಂಚೆ ನಿಮ್ಮಂಥ ಒಂದು ಸಾವಿರಕ್ಕೂ ಹೆಚ್ಚು ಜನ ಒಂದೊಂದು ಸಹಿ ಹಾಕಿರಬೇಕಿತ್ತು. ಪುಟುಗೆ 596, ಆರ್ತೋಗೆ 576. ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲು ನಿಮ್ಮಂಥ ಚುನಾಯಿತರ ಸಹಿ ಬೇಕಾಗಿದ್ದು ತಲಾ 500. ಮುಂದಿನ ಚುನಾವಣೆ 2027ರಲ್ಲಿ. ಮತ್ತೆ ಅದೇ ಕೆಲಸ ನಿಮ್ಮ ಮುಂದೆ ಬರಲಿದೆ. ಅದಕ್ಕೇ ಈ ಪತ್ರ.

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ಹೇಳಿಬಿಡುತ್ತೇನೆ. ಇದರ ಫ್ರೆಂಚ್ ಪ್ರತಿಯನ್ನು ಸುತ್ತಲಿನ ಊರುಗಳ ಮೇರಿಗಳಿಗೆ ನಾನೇ ಹೋಗಿ ಕೊಡುತ್ತೇನೆ. ಆದರೆ ಮನಸ್ಸಿನಲ್ಲಿದ್ದದ್ದು ಮೊದಲು ಬರುವುದು ಕನ್ನಡದಲ್ಲೇ. ಜೊತೆಗೆ, ಪ್ರಜಾಪ್ರಭುತ್ವದ ಬಾಗಿಲಲ್ಲಿ ಯಾರು ಕಾವಲಿಗೆ ನಿಲ್ಲಬೇಕು ಎಂಬ ಪ್ರಶ್ನೆ ಫ್ರಾನ್ಸಿನದಷ್ಟೇ ಅಲ್ಲ. ನನ್ನ ಭಾಷೆಯವರೂ ಓದಲಿ.

ನಾನು ದಾವಣಗೆರೆಯಲ್ಲಿ ಹುಟ್ಟಿದವನು. ಮಿಲ್ಲಿನ ಸೈರನ್ ಕೇಳಿ ಎದ್ದು ಶಾಲೆಗೆ ಹೋದವನು. ಸಿಪಿಐನ ಪಂಪಾಪತಿ ನಮ್ಮ ಶಾಸಕರಾಗಿದ್ದ ಕಾಲ ಅದು. ಆಮೇಲೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಸೈರನ್ ನಿಂತ ಬೆಳಿಗ್ಗೆ ಮನೆಯಲ್ಲಿ ಯಾರೂ ಮಾತಾಡದೆ ಕಾಫಿ ಕುಡಿದದ್ದು ಇವತ್ತಿಗೂ ಕಣ್ಣ ಮುಂದಿದೆ. ಹಾಗಾಗಿ ಪುಟು ಅವರಂಥ ಕಾರ್ಖಾನೆಯ ಕೆಲಸಗಾರನೊಬ್ಬ ಟೀವಿಯಲ್ಲಿ ಮಾಜಿ ಪ್ರಧಾನಿಯ ಎದುರು ನಿಂತು ಮಾತಾಡುವುದನ್ನು ಕಂಡಾಗ ನನಗೆ ಅದು ದೂರದ ವಿಷಯ ಅನ್ನಿಸುವುದಿಲ್ಲ.

ಅಂದಹಾಗೆ, ಈ ಇಬ್ಬರೂ ಬಂದದ್ದು ಟ್ರಾಟ್‌ಸ್ಕಿವಾದಿ ಹಾದಿಯಿಂದ, ಅಂದರೆ ರಷ್ಯದ ಕ್ರಾಂತಿಕಾರಿ ಟ್ರಾಟ್‌ಸ್ಕಿಯನ್ನು ಅನುಸರಿಸುವ ಕಮ್ಯುನಿಸ್ಟರ ಹಾದಿಯಿಂದ. ನಾನು ಟ್ರಾಟ್‌ಸ್ಕಿವಾದಿ ಅಲ್ಲ. ಪುಟು ಮತ್ತು ಆರ್ತೋ ಹೇಳುವುದನ್ನೆಲ್ಲ ಒಪ್ಪುವವನೂ ಅಲ್ಲ. ಯಾರನ್ನೂ ಕೆಲಸದಿಂದ ತೆಗೆಯಬಾರದು ಎಂದು ಅವರು ಕೇಳುವ ಕಾನೂನು ನಿಜಕ್ಕೂ ಹೇಗೆ ನಡೆಯುತ್ತದೆ ಎಂಬ ಸಂಶಯ ನನಗಿದೆ. ನಾನು ಕೇಳುತ್ತಿರುವುದು ಅವರಿಗೆ ಮತವನ್ನಲ್ಲ. ಅವರ ಚೀಟಿಗೆ ಮೇಜಿನ ಮೇಲೆ ಜಾಗವನ್ನು.

ಅವರ ಗೆಲುವಿನ ಸಾಧ್ಯತೆ ಎಷ್ಟು? ನೇರವಾಗಿ ಹೇಳುತ್ತೇನೆ: ಇಲ್ಲ. ಕಡಿಮೆ ಅಂತಲ್ಲ, ಇಲ್ಲವೇ ಇಲ್ಲ. 1969ರಲ್ಲಿ ಇದೇ ಹಾದಿಯ ಅಲೆನ್ ಕ್ರಿವೀನ್ ಸೈನ್ಯದಲ್ಲಿ ಕಡ್ಡಾಯ ಸೇವೆ ಮಾಡುತ್ತಲೇ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಸಿಕ್ಕಿದ್ದು ಶೇ 1ಕ್ಕಿಂತ ತುಸು ಜಾಸ್ತಿ. ಬ್ಯಾಂಕ್ ಗುಮಾಸ್ತೆ ಆರ್ಲೆಟ್ ಲಾಗಿಯೆ 1974ರಿಂದ 2007ರವರೆಗೆ ಆರು ಸಲ ನಿಂತರು. ಅವರಿಗೆ ಬಂದ ಅತಿ ಹೆಚ್ಚು ಮತ 2002ರಲ್ಲಿ, ಶೇ 5.72. ಅದನ್ನು ಈ ಕಡೆಯ ಇನ್ನಾರೂ ಮೀರಿಲ್ಲ. ಅಂಚೆಯಣ್ಣ ಒಲಿವಿಯೆ ಬೆಜಾನ್ಸೆನೋ 2002ರಲ್ಲಿ ಶೇ 4.25, 2007ರಲ್ಲಿ ಶೇ 4.08 ಪಡೆದರು. ಆಮೇಲೆ ಇಳಿಜಾರು. ಪುಟು 2012ರಲ್ಲಿ ಶೇ 1.15, 2017ರಲ್ಲಿ 1.09, 2022ರಲ್ಲಿ 0.77. ಆರ್ತೋ ಈ ಮೂರು ಸಲವೂ ಶೇ 0.56 ಮತ್ತು 0.64ರ ನಡುವೆಯೇ. ಎಡಪಂಥದ ಸಿಟ್ಟಿನ ಮತವನ್ನು ಜಾನ್-ಲುಕ್ ಮೆಲಾಂಶೋ ಎಳೆದುಕೊಂಡರು. ಅವರ ಮತ ಶೇ 11ರಿಂದ 19.58ಕ್ಕೆ, ಅಲ್ಲಿಂದ 21.95ಕ್ಕೆ ಏರಿತು. 2027ರಲ್ಲಿ ಇದು ತಿರುಗುಮುರುಗಾಗುತ್ತದೆ ಎಂದು ಹೇಳಲು ನನ್ನ ಬಳಿ ಯಾವ ಕಾರಣವೂ ಇಲ್ಲ.

ಹಾಗಿದ್ದರೆ ಯಾಕೆ ನಿಲ್ಲಬೇಕು ಅಂತ ನೀವು ಕೇಳುತ್ತೀರಿ. ಆ ಪ್ರಶ್ನೆಯನ್ನು ನಿಮ್ಮಲ್ಲೇ ಕೆಲವರ ಬಾಯಿಂದ ನಾನು ಕೇಳಿದ್ದೇನೆ.

2022ರ ಜನವರಿ, ಫೆಬ್ರವರಿ. ನಮ್ಮ ಪಕ್ಕದ ಮನೆಯಾಕೆ ನಿವೃತ್ತ ನರ್ಸ್. ಪುಟು ಅವರ ಪಕ್ಷ ಎನ್‌ಪಿಎಯ ಹಳೆಯ ಕಾರ್ಯಕರ್ತೆ. ಅವರ ಕಣ್ಣಿನ ಆಪರೇಷನ್ ಆಗಿತ್ತು, ಸಂಜೆಯ ಮೇಲೆ ಕಾರು ಓಡಿಸಲು ಆಗುತ್ತಿರಲಿಲ್ಲ. "ನೀನು ಓಡಿಸ್ತೀಯಾ?" ಎಂದು ಕೇಳಿದರು. ಒಪ್ಪಿಕೊಂಡೆ. ಹಾಗೆ ಮೂರು ವಾರಗಳಲ್ಲಿ ದೊರ್ದೊಞ್ ಮತ್ತು ಲೋತ್-ಎ-ಗಾರೊನ್ ಜಿಲ್ಲೆಗಳ ಇಪ್ಪತ್ತೇಳು ಹಳ್ಳಿಗಳನ್ನು ಸುತ್ತಿದೆವು. ಅವರ ತೊಡೆಯ ಮೇಲೆ ಒಂದು ಫೈಲು. ಅದರಲ್ಲಿ ಊರುಗಳ ಪಟ್ಟಿ, ಯಾವ ಮೇರಿ ಯಾವ ದಿನ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬ ವಿವರ. ಎಷ್ಟೋ ಊರುಗಳಲ್ಲಿ ವಾರಕ್ಕೆ ಎರಡೇ ಮಧ್ಯಾಹ್ನ. ನಾವು ಹೋದಾಗ ಮೇಯರ್ ಹೊಲದಲ್ಲಿರುತ್ತಿದ್ದರು, ಇಲ್ಲವೇ ಕಾಲುವೆ ಕಟ್ಟಿಕೊಂಡಿದ್ದ ಕಡೆ ಬೂಟು ಹಾಕಿಕೊಂಡು ನಿಂತಿರುತ್ತಿದ್ದರು.

ಆ ಮೂರು ವಾರಗಳಲ್ಲಿ ನಿಮ್ಮ ಮೇಲೆ ನನಗಿದ್ದ ಗೌರವ ಹೆಚ್ಚಾಯಿತು. ಇದನ್ನು ಮುಖಸ್ತುತಿಗೆ ಹೇಳುತ್ತಿಲ್ಲ. ಫ್ರಾನ್ಸಿನಲ್ಲಿ ಸುಮಾರು 35 ಸಾವಿರ ಊರಾಡಳಿತಗಳಿವೆ. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಐನೂರು ಜನವೂ ಇಲ್ಲ. ಅಂಥ ಕಡೆ ಮೇಯರ್ ಅಂದರೆ ಬೀದಿದೀಪ, ಶಾಲೆಯ ಊಟ, ಸತ್ತವರ ದಾಖಲೆ, ಜಗಳದ ಪಂಚಾಯಿತಿ ಎಲ್ಲವೂ. ಒಬ್ಬರು ನಮ್ಮನ್ನು ಅಡುಗೆಮನೆಗೆ ಕರೆದು ಸೂಪ್ ಕೊಟ್ಟರು. ಇನ್ನೊಬ್ಬರು ಬಾಗಿಲನ್ನೇ ಪೂರ್ತಿ ತೆರೆಯಲಿಲ್ಲ. ಮೂರನೆಯವರು ಹೇಳಿದ ಮಾತು ಮರೆಯಲಾರೆ. ವಾಲ್‌ನಟ್ ಬೆಳೆಯುವ ರೈತ. "2017ರಲ್ಲಿ ಸಹಿ ಹಾಕಿದ್ದೆ. ಹೆಸರು ಪ್ರಕಟವಾಯಿತು. ಒಬ್ಬರು ಎರಡು ವರ್ಷ ನನ್ನ ಹೆಂಡತಿಗೆ ಬೋಂಜೂರ್ ಹೇಳಲಿಲ್ಲ. ನನಗೆ ಪುಟು ಇಷ್ಟ ಅಂತಲ್ಲ. ಅವನೂ ಇರಲಿ ಅಂತ ಹಾಕಿದ್ದೆ. ಅದನ್ನು ಯಾರಿಗೆ ವಿವರಿಸಲಿ?" 2022ರಲ್ಲಿ ಅವರು ಸಹಿ ಹಾಕಲಿಲ್ಲ. ಕೈಕುಲುಕಿ, ಕ್ಷಮಿಸಿ ಎಂದರು. ಕಾರು ಹತ್ತಿದ ಮೇಲೆ ನಮ್ಮ ನರ್ಸ್ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅವರ ಮೇಲೆ ನನಗೆ ಸಿಟ್ಟಿಲ್ಲ" ಎಂದಷ್ಟೇ ಹೇಳಿದರು.

ಇಪ್ಪತ್ತೇಳು ಊರುಗಳಿಂದ ನಮಗೆ ಸಿಕ್ಕಿದ್ದು ಮೂರು ಭರವಸೆ. ಅದರಲ್ಲಿ ನಿಜವಾಗಿ ಅಂಚೆಗೆ ಬಿದ್ದದ್ದು ಎರಡು.

ಆ ರೈತರ ಕಷ್ಟಕ್ಕೆ ಒಂದು ಇತಿಹಾಸ ಇದೆ. ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸುವ ಪದ್ಧತಿ 1962ರ ಜನಮತಗಣನೆಯಿಂದ ಬಂತು. ಆಗ ಅಭ್ಯರ್ಥಿಯಾಗಲು 100 ಸಹಿ ಸಾಕಿತ್ತು. 1974ರಲ್ಲಿ ಹನ್ನೆರಡು ಜನ ನಿಂತರು. ಇಷ್ಟು ಜನ ಬೇಡ ಅನ್ನಿಸಿ 1976ರಲ್ಲಿ ಅದನ್ನು 500ಕ್ಕೆ ಏರಿಸಿದರು. ಕನಿಷ್ಠ 30 ಜಿಲ್ಲೆಗಳಿಂದ ಬರಬೇಕು, ಒಂದೇ ಜಿಲ್ಲೆಯಿಂದ ಐವತ್ತಕ್ಕಿಂತ ಹೆಚ್ಚು ಲೆಕ್ಕಕ್ಕಿಲ್ಲ. 1981ರಲ್ಲಿ ಕ್ರಿವೀನ್‌ಗೆ 500 ಸಹಿ ಸಿಗಲಿಲ್ಲ. ಅದೇ ವರ್ಷ ಬಲತುದಿಯ ಜಾನ್-ಮರಿ ಲೆ ಪೆನ್‌ಗೂ ಸಿಗಲಿಲ್ಲ. ಮೊದಲೆಲ್ಲ ಸಹಿ ಹಾಕಿದವರಲ್ಲಿ ಐನೂರು ಜನರ ಹೆಸರನ್ನು ಚೀಟಿ ಎತ್ತಿ ಪ್ರಕಟಿಸುತ್ತಿದ್ದರು. 2016ರ ಕಾನೂನು ಬಂದ ಮೇಲೆ ಎಲ್ಲರ ಹೆಸರೂ ಪ್ರಕಟ. ವಾರಕ್ಕೆ ಎರಡು ಸಲ ಸಂವಿಧಾನ ಮಂಡಳಿ ಪಟ್ಟಿ ಹಾಕುತ್ತದೆ. ಅಲ್ಲಿಂದ ಊರಿನ ವಾಟ್ಸಾಪ್ ಗುಂಪಿಗೆ ಬರಲು ಎಷ್ಟು ಹೊತ್ತು ಬೇಕು?

ಪಾರದರ್ಶಕತೆ ಒಳ್ಳೆಯದೇ. ಆದರೆ ಇಲ್ಲಿ ಭಾರ ಬಿದ್ದದ್ದು ಯಾರ ಮೇಲೆ ನೋಡಿ. ದೊಡ್ಡ ಪಕ್ಷಗಳಿಗೆ ಸ್ವಂತ ಸಂಸದರು, ಸೆನೆಟರ್‌ಗಳು, ಪ್ರಾಂತೀಯ ಸದಸ್ಯರು ಇದ್ದಾರೆ. ಸಹಿ ಮನೆಯಲ್ಲೇ ಸಿಗುತ್ತದೆ. ಎನ್‌ಪಿಎ ಅಥವಾ ಆರ್ತೋ ಅವರ ಲ್ಯೂತ್ ಉವ್ರಿಯೆರ್ ಪಕ್ಷಕ್ಕೆ ಇರುವವರು ನೀವೇ, ಯಾವ ಪಕ್ಷದ ಹಣೆಪಟ್ಟಿಯೂ ಇಲ್ಲದ ಹಳ್ಳಿಯ ಮೇಯರ್‌ಗಳು. 2022ರಲ್ಲಿ ಪುಟು ಬೋರ್ಡೊ ನಗರಸಭೆಯ ಸದಸ್ಯರಾಗಿದ್ದರು. ಆದರೂ ತಮ್ಮ ಹೆಸರಿಗೆ ತಾವೇ ಸಹಿ ಹಾಕುವ ಹಕ್ಕು ಅವರಿಗಿರಲಿಲ್ಲ. ಸಾಮಾನ್ಯ ನಗರಸಭಾ ಸದಸ್ಯರು ಸಹಿ ಹಾಕುವವರ ಪಟ್ಟಿಯಲ್ಲಿಲ್ಲ. ಇನ್ನೂರು ಜನರ ಊರಿನ ಮೇಯರ್ ಇದ್ದಾರೆ.

ಸಹಿ ಅಂದರೆ ಜನಬೆಂಬಲದ ಅಳತೆ, ಬೆಂಬಲ ಇದ್ದವರಿಗೆ ಸಿಕ್ಕೇ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ. 2022ರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಳೆಯ ಬಲಪಂಥೀಯ ಪಕ್ಷದ ವಾಲೆರಿ ಪೆಕ್ರೆಸ್ ಅವರಿಗೆ 2,636 ಸಹಿ. ಎಲ್ಲರಿಗಿಂತ ಜಾಸ್ತಿ. ಸಿಕ್ಕ ಮತ ಶೇ 4.78. ಆಗ ಪ್ಯಾರಿಸ್ ಮೇಯರ್ ಆಗಿದ್ದ ಆನ್ ಇದಾಲ್ಗೊ ಅವರಿಗೆ 1,440 ಸಹಿ, ಮತ ಶೇ 1.75. ಜಾನ್-ಮರಿ ಅವರ ಮಗಳು, ಬಲತುದಿಯ ಮರೀನ್ ಲೆ ಪೆನ್ ಅವರಿಗೆ ಬರೀ 622 ಸಹಿ, ಮತ ಶೇ 23.15, ಎರಡನೇ ಸುತ್ತಿಗೆ ಹೋದರು. ಮೆಲಾಂಶೋ 906 ಸಹಿ, ಶೇ 21.95. ಕೊನೆಯ ವಾರಗಳವರೆಗೂ ಈ ಇಬ್ಬರ ಕಡೆಯವರು ಸಹಿ ಸಾಲುತ್ತದೋ ಇಲ್ಲವೋ ಎಂದು ಆತಂಕದಲ್ಲಿದ್ದರು. ಸಹಿಯ ಲೆಕ್ಕ ಪಕ್ಷದ ಯಂತ್ರವನ್ನು ಅಳೆಯುತ್ತದೆ. ಜನರ ಮನಸ್ಸನ್ನಲ್ಲ.

ಈಗ ನೀವು ಎತ್ತುವ ಅತಿ ಗಟ್ಟಿ ಆಕ್ಷೇಪಕ್ಕೆ ಬರುತ್ತೇನೆ. ಮತ ಒಡೆಯುವುದು. ಇದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

2002ರ ಏಪ್ರಿಲ್ 21 ಈ ದೇಶದ ಎಡಪಂಥೀಯರ ಮನಸ್ಸಿನಲ್ಲಿ ಗಾಯದ ಹಾಗೆ ಉಳಿದಿದೆ. ನಮ್ಮ ನರ್ಸ್ ಆ ದಿನವನ್ನು ಬರೀ "ಇಪ್ಪತ್ತೊಂದನೇ ತಾರೀಕು" ಅನ್ನುತ್ತಾರೆ, ತಿಂಗಳೂ ಬೇಕಿಲ್ಲ, ವರ್ಷವೂ ಬೇಕಿಲ್ಲ. ಹದಿನಾರು ಅಭ್ಯರ್ಥಿಗಳು. ಸಮಾಜವಾದಿ ಪಕ್ಷದ ಪ್ರಧಾನಿ ಲಿಯೊನೆಲ್ ಜೋಸ್ಪಾಂ ಶೇ 16.18. ಜಾನ್-ಮರಿ ಲೆ ಪೆನ್ ಶೇ 16.86. ಎರಡನೇ ಸುತ್ತಿಗೆ ಹೋಗುವುದು ಮೊದಲ ಇಬ್ಬರೇ, ಹಾಗಾಗಿ ಜೋಸ್ಪಾಂ ಹೊರಬಿದ್ದರು. ಅಂತರ ಎರಡು ಲಕ್ಷ ಮತಕ್ಕಿಂತ ಕಡಿಮೆ. ಟ್ರಾಟ್‌ಸ್ಕಿ ಕಡೆಯ ಲಾಗಿಯೆ, ಬೆಜಾನ್ಸೆನೋ ಮತ್ತು ಡೇನಿಯಲ್ ಗ್ಲಕ್‌ಸ್ಟೈನ್ ಮೂವರಿಗೆ ಸೇರಿ ಬಿದ್ದ ಮತ ಸುಮಾರು 30 ಲಕ್ಷ. ಲೆಕ್ಕ ಎದುರಿಗೇ ಇದೆ, ತಪ್ಪು ಅವರದೇ ಅಂತ ಹೇಳುವುದು ಸುಲಭ ಅಲ್ವಾ?

ಆದರೆ ಪೂರ್ತಿ ಲೆಕ್ಕ ಮಾಡಿ. ಜೋಸ್ಪಾಂ ಅವರ ಸರ್ಕಾರವನ್ನು ಹೊತ್ತಿದ್ದ ಪಕ್ಷಗಳಿಂದಲೇ ಇನ್ನೂ ನಾಲ್ವರು ನಿಂತಿದ್ದರು. ಅವರದೇ ಸಂಪುಟದಲ್ಲಿ ಗೃಹ ಸಚಿವರಾಗಿದ್ದ ಶೆವೆನ್‌ಮಾಂ 5.33, ಹಸಿರು ಪಕ್ಷದ ಮಾಮೆರ್ 5.25, ಕಮ್ಯುನಿಸ್ಟ್ ಪಕ್ಷದ ರೊಬೇರ್ ಯು 3.37, ತೊಬಿರಾ 2.32. ಕೂಡಿಸಿದರೆ 16.27. ಜೋಸ್ಪಾಂ ಅವರಿಗೆ ಬಂದದ್ದಕ್ಕಿಂತ ತುಸು ಹೆಚ್ಚು! ಮನೆ ಒಡೆದದ್ದು ಒಳಗಿನಿಂದ.

ಇನ್ನು ಆ 30 ಲಕ್ಷ ಜನ. ಅವರು ಜೋಸ್ಪಾಂ ಅವರ ಮತಗಳನ್ನು ಕದ್ದವರೇ? 1999ರ ಸೆಪ್ಟೆಂಬರಿನಲ್ಲಿ ಮಿಶೆಲಿನ್ ಕಂಪನಿ ಲಾಭ ಏರಿದ್ದನ್ನೂ ಯುರೋಪಿನಲ್ಲಿ 7,500 ಕೆಲಸ ಕಡಿತವನ್ನೂ ಒಟ್ಟೊಟ್ಟಿಗೇ ಪ್ರಕಟಿಸಿತು. ಎಲ್ಲವನ್ನೂ ಸರ್ಕಾರದಿಂದಲೇ ನಿರೀಕ್ಷಿಸಬಾರದು ಎಂದು ಜೋಸ್ಪಾಂ ಟೀವಿಯಲ್ಲಿ ಹೇಳಿದರು. 2002ರ ಪ್ರಚಾರದ ಶುರುವಿನಲ್ಲಿ ತಮ್ಮ ಯೋಜನೆ ಸಮಾಜವಾದಿ ಯೋಜನೆಯಲ್ಲ ಎಂದೂ ಅವರೇ ಹೇಳಿದರು. ಕಾರ್ಖಾನೆಯವರು ಅದನ್ನು ಕೇಳಿಸಿಕೊಂಡರು. ಅವರಿಗೆ ಲಾಗಿಯೆ ಅವರ ಚೀಟಿ ಸಿಗದಿದ್ದರೆ ಎಲ್ಲರೂ ಜೋಸ್ಪಾಂ ಚೀಟಿ ಎತ್ತಿಕೊಳ್ಳುತ್ತಿದ್ದರು ಎಂದು ನಾನು ನಂಬಲಾರೆ. ಕೆಲವರು ಎತ್ತಿಕೊಳ್ಳುತ್ತಿದ್ದರು. ತುಂಬಾ ಜನ ಮನೆಯಲ್ಲೇ ಉಳಿಯುತ್ತಿದ್ದರು.

2022ರಲ್ಲೂ ಇದೇ ಚರ್ಚೆ ಎದ್ದಿತು. ಲೆ ಪೆನ್ ಅವರಿಗೂ ಮೆಲಾಂಶೋ ಅವರಿಗೂ ನಡುವಿನ ಅಂತರ ಸುಮಾರು 4 ಲಕ್ಷ 21 ಸಾವಿರ. ಪುಟು ಮತ್ತು ಆರ್ತೋ ಇಬ್ಬರ ಮತ ಸೇರಿಸಿದರೆ ಸುಮಾರು 4 ಲಕ್ಷ 66 ಸಾವಿರ. ನಮ್ಮ ನರ್ಸ್ ಆ ರಾತ್ರಿ ಕಾಗದದ ಮೇಲೆ ಇದನ್ನು ಕೂಡಿಸಿ ನೋಡಿ ಪೆನ್ಸಿಲ್ ಕೆಳಗಿಟ್ಟರು. ಅವರಿಗೆ ನೋವಾಗಿತ್ತು. ನನಗೂ. ಆದರೂ ಹೇಳುತ್ತೇನೆ. ಯಾರ ಪರವಾಗಿ ಯಾರು ಹಿಂದೆ ಸರಿಯಬೇಕು ಎಂದು ಪಕ್ಷಗಳು ತಮ್ಮೊಳಗೆ ಮಾತಾಡಿ ತೀರ್ಮಾನಿಸಲಿ. ಯಾರಿಗೆ ಮತ ಹಾಕಿದರೆ ಒಳ್ಳೆಯದು ಎಂದು ಮತದಾರ ಪರದೆಯ ಹಿಂದೆ ನಿಂತು ಯೋಚಿಸಲಿ. ಲೆಕ್ಕ ಹಾಕುವ ಬುದ್ಧಿ ಅವರಿಗಿದೆ. 2022ರಲ್ಲಿ ಎಷ್ಟೋ ಜನ ಮನಸ್ಸಿನಲ್ಲಿ ಪುಟು ಇದ್ದರೂ ಕೈಯಲ್ಲಿ ಮೆಲಾಂಶೋ ಚೀಟಿ ಹಿಡಿದರು. ಅದು ಅವರ ತೀರ್ಮಾನ. ಮೇಯರ್ ತಮ್ಮ ಸಹಿ ತಡೆಹಿಡಿದು ಅವರ ಪರವಾಗಿ ಮೊದಲೇ ತೀರ್ಮಾನ ಮಾಡಿಬಿಡುವುದು ಬೇರೆ ವಿಷಯ.

ಗೆಲ್ಲದಿದ್ದರೂ ಅವರು ಅಲ್ಲಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ರಾತ್ರಿ ಸಾಕು. 2017ರ ಮಾರ್ಚ್ 20ರಂದು ಟಿಎಫ್1 ವಾಹಿನಿ ಹನ್ನೊಂದು ಅಭ್ಯರ್ಥಿಗಳಲ್ಲಿ ಐವರನ್ನು ಮಾತ್ರ ಚರ್ಚೆಗೆ ಕರೆದಿತ್ತು. ಏಪ್ರಿಲ್ 4ರಂದು ಬೇರೆ ವಾಹಿನಿಗಳು ಹನ್ನೊಂದೂ ಜನರನ್ನು ಕರೆದವು. ಅರುವತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಸೂಟು ಹಾಕಿದವರ ನಡುವೆ ಪುಟು ಉದ್ದ ತೋಳಿನ ಟೀ ಶರ್ಟಿನಲ್ಲಿ ಬಂದಿದ್ದರು. ಬ್ಲಾಂಕ್‌ಫೋರ್‌ನ ಫೋರ್ಡ್ ಕಾರ್ಖಾನೆಯ ಕೆಲಸಗಾರ. ಮಾಜಿ ಪ್ರಧಾನಿ ಫ್ರಾನ್ಸ್ವಾ ಫಿಯೋನ್ ಅವರ ಮೇಲೆ ಮಾಡದ ಕೆಲಸಕ್ಕೆ ಹೆಂಡತಿಯ ಹೆಸರಿನಲ್ಲಿ ಸರ್ಕಾರಿ ಸಂಬಳ ಕೊಡಿಸಿದ ಆರೋಪದ ಪ್ರಕರಣ ನಡೆಯುತ್ತಿತ್ತು. ಯುರೋಪ್ ಸಂಸತ್ತಿನ ಹಣದ ದುರುಪಯೋಗದ ವಿಚಾರಣೆಗೆ ಪೊಲೀಸರು ಕರೆದಾಗ ಮರೀನ್ ಲೆ ಪೆನ್ ಸಂಸದೆಯ ರಕ್ಷಣೆ ತೋರಿಸಿ ಹೋಗಿರಲಿಲ್ಲ. ಉಳಿದ ಅಭ್ಯರ್ಥಿಗಳು ಆ ಮಾತನ್ನು ಸುತ್ತಿ ಬಳಸಿ ಹೋಗುತ್ತಿದ್ದರು. ಪುಟು ನೇರವಾಗಿ ಹೇಳಿದರು: ನಮ್ಮನ್ನು ಪೊಲೀಸರು ಕರೆದರೆ ನಮಗೆ ಕಾರ್ಮಿಕ ರಕ್ಷಣೆ ಅಂತೇನೂ ಇಲ್ಲ, ನಾವು ಹೋಗಲೇಬೇಕು.

ಸ್ಟುಡಿಯೋದಲ್ಲಿ ಚಪ್ಪಾಳೆ ಬಿತ್ತು. ನಮ್ಮ ಮನೆಯಲ್ಲೂ ನಾನು ಎದ್ದು ನಿಂತಿದ್ದೆ. ಲೆ ಪೆನ್ ಅವರಿಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಮುಂದೆ ಫಿಯೋನ್ ಮೇಲಿನ ಅಪರಾಧ ಸಾಬೀತಾಯಿತು. 2025ರ ಮಾರ್ಚ್ 31ರಂದು ಪ್ಯಾರಿಸ್ ನ್ಯಾಯಾಲಯ ಲೆ ಪೆನ್ ಅವರನ್ನೂ ತಪ್ಪಿತಸ್ಥೆ ಎಂದಿತು, ಅವರು ಮೇಲ್ಮನವಿ ಹೂಡಿದರು. ನ್ಯಾಯಾಲಯದ ಕೆಲಸ ನ್ಯಾಯಾಲಯದ್ದು. ಆದರೆ ಚುನಾವಣೆಗೆ ಮುಂಚೆ, ಇಡೀ ದೇಶದ ಎದುರು, ಸಾಮಾನ್ಯ ಮನುಷ್ಯನ ಪ್ರಶ್ನೆಯನ್ನು ಸಾಮಾನ್ಯ ಮನುಷ್ಯನ ಭಾಷೆಯಲ್ಲಿ ಕೇಳಿದ್ದು ಶೇ 1.09 ಮತ ಪಡೆದ ವ್ಯಕ್ತಿ. ಅವರನ್ನು ಆ ಮೇಜಿನ ತನಕ ತಂದದ್ದು ನಿಮ್ಮ ಸಹಿ. ಎರಡು ವರ್ಷದ ನಂತರ, 2019ರಲ್ಲಿ, ಅವರ ಕಾರ್ಖಾನೆ ಮುಚ್ಚಿತು. ಸುಮಾರು 850 ಜನರ ಕೆಲಸ ಹೋಯಿತು. ಕಾರ್ಖಾನೆ ಮುಚ್ಚುವುದರ ಬಗ್ಗೆ ಅವರು ಸುಮ್ನೆ ಭಾಷಣ ಮಾಡುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ಹಳೆಯದು. 1974ರಲ್ಲಿ ಕೃಷಿ ವಿಜ್ಞಾನಿ ರೆನೆ ದ್ಯುಮೊಂ ಪರಿಸರದ ಹೆಸರಿನಲ್ಲಿ ನಿಂತರು. ಅವರು ಟ್ರಾಟ್‌ಸ್ಕಿ ಕಡೆಯವರಲ್ಲ, ಆದರೆ ಗೆಲ್ಲುವ ಸಾಧ್ಯತೆ ಅಷ್ಟೇ ಶೂನ್ಯ. ಕೆಂಪು ಸ್ವೆಟರ್ ಹಾಕಿಕೊಂಡು ಟೀವಿ ಕ್ಯಾಮೆರಾದ ಮುಂದೆ ಒಂದು ಲೋಟ ನೀರು ಕುಡಿದರು. ಹೀಗೇ ಹೋದರೆ ಈ ನೀರೂ ನಮಗೆ ಸಾಲದಾಗುತ್ತದೆ ಎಂದು ಎಚ್ಚರಿಸಿದರು. ಸಿಕ್ಕಿದ್ದು ಶೇ 1.32. ಅದೇ ಚುನಾವಣೆಯಲ್ಲಿ ಲಾಗಿಯೆ ಈ ಹುದ್ದೆಗೆ ನಿಂತ ಮೊದಲ ಹೆಂಗಸಾದರು. ಆ ಇಬ್ಬರೂ ನಿಂತದ್ದು 100 ಸಹಿಯ ಕಾಲದಲ್ಲಿ. ಎರಡು ವರ್ಷದ ಮೇಲೆ ಬಾಗಿಲು ಐದು ಪಟ್ಟು ಬಿಗಿಯಾಯಿತು. ಈಗ ಬೇಸಿಗೆಯಲ್ಲಿ ನೀರಿನ ನಿರ್ಬಂಧದ ಆದೇಶ ಬಂದಾಗ ಅದನ್ನು ಮೇರಿಯ ಬಾಗಿಲಿಗೆ ಅಂಟಿಸುವವರು ನೀವೇ ಅಲ್ವಾ?

ದುಡ್ಡಿಗಾಗಿ ನಿಲ್ಲುತ್ತಾರೆ ಎಂಬ ಮಾತನ್ನೂ ಒಬ್ಬ ಮೇಯರ್ ನಮಗೆ ಹೇಳಿದರು. ಶೇ 5 ದಾಟದವರಿಗೆ ಸರ್ಕಾರ ವಾಪಸ್ ಕೊಡುವುದು ಖರ್ಚಿನ ಲೆಕ್ಕ ತೋರಿಸಿದರೆ ಹೆಚ್ಚೆಂದರೆ ಸುಮಾರು 8 ಲಕ್ಷ ಯೂರೋ. ದಾಟಿದವರಿಗೆ ಅದರ ಹತ್ತು ಪಟ್ಟಿನವರೆಗೆ. ಇದರಲ್ಲಿ ಯಾರೂ ಶ್ರೀಮಂತರಾಗುವುದಿಲ್ಲ.

ಆ ವಾಲ್‌ನಟ್ ರೈತರ ಪ್ರಶ್ನೆಗೆ ನಾನು ಆ ದಿನ ಉತ್ತರ ಕೊಡಲಿಲ್ಲ. ಈಗ ಪ್ರಯತ್ನ ಮಾಡುತ್ತೇನೆ. ಎಲ್ಲರೂ ಇದನ್ನು "ಪಾರೆನಾಜ್" ಅನ್ನುತ್ತಾರೆ, ಅಂದರೆ ಬೆನ್ನಿಗೆ ನಿಲ್ಲುವುದು. ಕಾನೂನಿನಲ್ಲಿ ಆ ಪದವೇ ಇಲ್ಲ. ಅಲ್ಲಿರುವುದು "ಪ್ರೆಜಾಂತಾಸಿಯೋಂ", ಮುಂದಿಡುವುದು. ನೀವು ಒಬ್ಬ ವ್ಯಕ್ತಿಯನ್ನು ಜನರ ಮುಂದೆ ಇಡುತ್ತೀರಿ, ಅಷ್ಟೇ. 2022ರಲ್ಲಿ ಪೌ ನಗರದ ಮೇಯರ್ ಫ್ರಾನ್ಸ್ವಾ ಬಾಯ್ರೂ ಮ್ಯಾಕ್ರನ್ ಪಾಳೆಯದವರಾಗಿದ್ದೂ ತಮ್ಮ ಸಹಿಯನ್ನು ಮರೀನ್ ಲೆ ಪೆನ್ ಅವರಿಗೆ ಕೊಟ್ಟರು. ಲೆ ಪೆನ್ ವಿಚಾರಗಳನ್ನು ಅವರು ಜೀವನವಿಡೀ ವಿರೋಧಿಸಿದವರು. ಲಕ್ಷಾಂತರ ಜನ ಮತ ಹಾಕಲು ಬಯಸುವವರ ಹೆಸರು ಚೀಟಿಯಲ್ಲಿ ಇಲ್ಲದಿದ್ದರೆ ಅದು ಚುನಾವಣೆಯೇ ಅಲ್ಲ ಎಂಬುದು ಅವರ ವಾದ. ಲೆ ಪೆನ್ ಹೆಸರು ಕೇಳಿದರೆ ನನ್ನಂಥ ವಲಸಿಗನಿಗೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಗುತ್ತದೆ. ಆದರೂ ಬಾಯ್ರೂ ಮಾಡಿದ್ದು ಸರಿ ಎಂದೇ ನಾನು ಹೇಳುತ್ತೇನೆ. ಬಾಗಿಲು ತೆರೆಯಬೇಕು ಎಂದು ಕೇಳುವವನು ತನಗೆ ಇಷ್ಟವಾದವರಿಗೆ ಮಾತ್ರ ಎಂದು ಸೇರಿಸಬಾರದು.

ಪುಟು ಮತ್ತು ಆರ್ತೋ ಅವರಿಗೆ ಬಾಯ್ರೂ ಅಂಥ ದೊಡ್ಡ ಹೆಸರಿನ ನೆರವಿನ ಅಗತ್ಯ ಇನ್ನೂ ಹೆಚ್ಚು. ಹೋದ ಸಲ ರೈಲ್ವೆ ಕೆಲಸಗಾರ ಅನಾಸ್ ಕಾಜಿಬ್ ಎಂಬುವರೂ ಈ ಕಡೆಯಿಂದ ಹೊರಟಿದ್ದರು. 160 ಸಹಿಗೆ ನಿಂತುಹೋಯಿತು. ಅವರ ಹೆಸರು ಯಾವ ಹಳ್ಳಿಯಲ್ಲೂ ಗಟ್ಟಿಯಾಗಿ ಓದಲ್ಪಡಲಿಲ್ಲ. 2022ರಲ್ಲಿ ಅಭ್ಯರ್ಥಿಗಳ ಪಟ್ಟಿ ಪ್ರಕಟವಾದದ್ದು ಮಾರ್ಚ್ 7ಕ್ಕೆ. ಐದು ದಿನದ ಮೇಲೆ, 12ರಂದು, ಅಲೆನ್ ಕ್ರಿವೀನ್ ತೀರಿಕೊಂಡರು. 1981ರಲ್ಲಿ ಸಹಿ ಸಾಲದೆ ಹೊರಗೆ ಉಳಿದವರು. ತಮ್ಮ ಹಾದಿಯವರು 500 ದಾಟಿದ್ದಾರೆ ಎಂಬ ಸುದ್ದಿ ಅವರನ್ನು ತಲುಪಿತ್ತು ಎಂದುಕೊಳ್ಳುವುದು ನನಗೆ ಸಮಾಧಾನ.

ಈ ಪದ್ಧತಿಯೇ ಬದಲಾಗಬೇಕು ಎಂದು ನೀವು ಹೇಳಿದರೆ ನಾನು ಕೂಡಲೇ ಒಪ್ಪುತ್ತೇನೆ. 2012ರಲ್ಲಿ ಒಂದು ಆಯೋಗ ಮೇಯರ್‌ಗಳ ಸಹಿಯ ಬದಲು 1 ಲಕ್ಷ 50 ಸಾವಿರ ನಾಗರಿಕರ ಸಹಿ ಸಾಕು ಎಂದು ಸಲಹೆ ಕೊಟ್ಟಿತು. ಆ ಆಯೋಗದ ಅಧ್ಯಕ್ಷರು ಯಾರು ಗೊತ್ತಾ? ಲಿಯೊನೆಲ್ ಜೋಸ್ಪಾಂ. 2002ರಲ್ಲಿ ಜಾಸ್ತಿ ಅಭ್ಯರ್ಥಿಗಳಿಂದಾಗಿ ಸೋತರು ಎಂದು ಎಲ್ಲರೂ ಹೇಳುವ ಅದೇ ಜೋಸ್ಪಾಂ. ಹತ್ತು ವರ್ಷದ ಮೇಲೆ ಕೂತು ಯೋಚಿಸಿ, ಬಾಗಿಲ ಕೀಲಿ ಜನರ ಕೈಯಲ್ಲಿರಲಿ ಎಂದರು. ಅವರ ಮೇಲಿನ ನನ್ನ ಅಭಿಪ್ರಾಯ ಆವತ್ತು ಬದಲಾಯಿತು. ಸಲಹೆ ಮಾತ್ರ ಜಾರಿಯಾಗಲಿಲ್ಲ. ಹಾಗಾಗಿ 2027ಕ್ಕೂ ಕೀಲಿ ನಿಮ್ಮ ಹತ್ತಿರವೇ ಇದೆ.

ಸಹಿ ಹಾಕಬಲ್ಲವರು ದೇಶದಲ್ಲಿ ಸುಮಾರು 42 ಸಾವಿರ ಜನ. ಹೋದ ಸಲ ಹಾಕಿದವರು ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಫಾರಂಗಳು ಮೇಜಿನ ಡ್ರಾಯರಿನಲ್ಲೇ ಉಳಿದವು. 2026ರ ಮಾರ್ಚ್‌ನಲ್ಲಿ ಆರಿಸಿ ಬಂದ ನಿಮ್ಮಲ್ಲಿ ಹಲವರಿಗೆ ಇದು ಮೊದಲ ಸಲ. ಫಾರಂ ಒಬ್ಬರಿಗೆ ಒಂದೇ ಬರುತ್ತದೆ. ಒಬ್ಬರ ಹೆಸರನ್ನಷ್ಟೇ ಬರೆಯಬಹುದು. ಬರೆದ ಮೇಲೆ ವಾಪಸ್ ತೆಗೆದುಕೊಳ್ಳಲಾಗದು. ಮೊದಲ ಸುತ್ತಿಗೆ ಮುಂಚಿನ ಆರನೇ ಶುಕ್ರವಾರ ಸಂಜೆ ಆರು ಗಂಟೆಯೊಳಗೆ ಅದು ಪ್ಯಾರಿಸ್ ತಲುಪಬೇಕು. ಹಳ್ಳಿಯಿಂದ ಅಂಚೆ ನಿಧಾನ. ನಮಗೆ ಗೊತ್ತಿದ್ದ ಒಬ್ಬರ ಸಹಿ ಹೋದ ಸಲ ತಡವಾಗಿ ಹೊರಟಿತು. ದಯವಿಟ್ಟು ವಾರ ಮುಂಚೆಯೇ ಹಾಕಿ. ಪಕ್ಕದ ಊರಿನ ಮೇಯರ್ ಜೊತೆ ಮಾತಾಡಿಕೊಂಡು ಇಬ್ಬರು ಮೂವರು ಒಟ್ಟಿಗೆ ಹಾಕಿದರೆ ಒಬ್ಬರ ಮೇಲೇ ಮಾತು ಬೀಳುವುದಿಲ್ಲ. ಊರಿನ ಸೂಚನಾ ಫಲಕದಲ್ಲಿ ನಾಲ್ಕು ಸಾಲು ಅಂಟಿಸಿ: ನಾನು ಇವರಿಗೆ ಮತ ಹಾಕಿ ಎನ್ನುತ್ತಿಲ್ಲ, ಇವರ ಹೆಸರು ಚೀಟಿಯಲ್ಲಿರಲಿ ಎನ್ನುತ್ತಿದ್ದೇನೆ. ನಿಮ್ಮ ಊರಿನವರು ನೀವಂದುಕೊಂಡದ್ದಕ್ಕಿಂತ ಚೆನ್ನಾಗಿ ಇದನ್ನು ಅರ್ಥ ಮಾಡಿಕೊಳ್ಳುತ್ತಾರೆ.

ನಮ್ಮ ನರ್ಸ್‌ಗೆ ಈಗ ಎಪ್ಪತ್ತೆರಡು. ಅವರ ಪಕ್ಷ 2022ರ ಡಿಸೆಂಬರಿನಲ್ಲಿ ಎರಡಾಗಿ ಒಡೆಯಿತು, ಅದರ ನೋವು ಅವರಿಗೆ ಇನ್ನೂ ಆರಿಲ್ಲ. ಆದರೂ ಹಳೆಯ ಫೈಲನ್ನು ಕಪಾಟಿನಿಂದ ತೆಗೆದಿದ್ದಾರೆ. ಹೊಸ ಮೇಯರ್‌ಗಳ ಹೆಸರನ್ನು ಹಳೆಯ ಹೆಸರುಗಳ ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ ಬರೆಯುತ್ತಿದ್ದಾರೆ. ಆ ವಾಲ್‌ನಟ್ ರೈತರ ಊರೂ ಪಟ್ಟಿಯಲ್ಲಿದೆ. ಈ ಸಲವೂ ಕಾರು ನಾನೇ ಓಡಿಸುತ್ತೇನೆ. ನಿಮ್ಮ ಮೇರಿ ಗುರುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ತೆರೆದಿದ್ದರೆ ನಾವು ಎರಡಕ್ಕೇ ಬಂದು ಹೊರಗೆ ನಿಂತಿರುತ್ತೇವೆ.

ಇತಿ ನಿಮ್ಮ ನೆರೆಯವನು,
ದಾವಣಗೆರೆಯಲ್ಲಿ ಹುಟ್ಟಿದ ಒಬ್ಬ ಕನ್ನಡಿಗ